ಬೂದಿಗೌರಿ ವ್ರತ

ನನ್ನ ಅತ್ತೆ ಒಂದು ವ್ರತವನ್ನೇ ಹುಟ್ಟಿಸಿದರು. ಅದು ಯಾವ ಪುರಾಣದಲ್ಲೂ ಇರಲಿಲ್ಲ, ಯಾವ ಪಂಚಾಂಗದಲ್ಲೂ ಇರಲಿಲ್ಲ. ದಿನಕ್ಕೊಂದು ವ್ರತ, ಘಾಟಿಗೊಂದು ಮಹಾತ್ಮೆ ಇರುವ ಕಾಶಿಯಲ್ಲಿ ಇನ್ನೊಂದನ್ನು ಸೇರಿಸುವ ಧೈರ್ಯ ಯಾರಿಗಾದರೂ ಬಂದೀತೇ? ಅತ್ತೆಗೆ ಬಂತು, ಅದೂ ಮಧ್ಯಾಹ್ನದ ಪಾತ್ರೆ ತೊಳೆಯುತ್ತಾ ಕೂತಿದ್ದಾಗ. ಅದಕ್ಕೆ ಅರ್ಧ ಕಾರಣ ಕೋತಿಗಳು, ಇನ್ನರ್ಧ ಕಾರಣ ನಾನು.

ನಾನು ಮದುವೆಯಾಗಿ ಕಾಶಿಗೆ ಬಂದದ್ದು ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ. ಕೇದಾರ ಘಾಟಿನ ಮೆಟ್ಟಿಲು ಹತ್ತಿ ಒಳಕ್ಕೆ ಹೊರಳಿದರೆ ಸಿಗುವ ಗಲ್ಲಿಯಲ್ಲಿ ನಮ್ಮ ಮನೆ. ಗಲ್ಲಿ ಎಷ್ಟು ಇಕ್ಕಟ್ಟೆಂದರೆ ಎದುರಿಗೆ ಗೂಳಿ ಬಂದರೆ ಯಾರ ಮನೆಯ ಹೊಸ್ತಿಲಾದರೂ ಸರಿ, ಹತ್ತಿ ನಿಂತು ಅದಕ್ಕೆ ದಾರಿ ಬಿಡಬೇಕು. ಮಾವನವರು ಕರ್ನಾಟಕದಿಂದ ಬರುವ ಯಾತ್ರಿಕರಿಗೆ ಶ್ರಾದ್ಧ, ಗಂಗಾಪೂಜೆ ಮಾಡಿಸುವ ಪುರೋಹಿತರು. ನನ್ನವರದು ಸ್ಟೇಷನ್ನಿಗೆ ಹೋಗಿ ಯಾತ್ರಿಕರನ್ನು ಕರೆತರುವ, ದೋಣಿ ಗೊತ್ತುಮಾಡುವ ಓಡಾಟ. ಬಂದವರಿಗೆಲ್ಲ ಅಡುಗೆ ಮಾಡಿ ಬಡಿಸುವುದು ಅತ್ತೆಯ ಪಾಲಿನದು, ನಾನು ಬಂದಮೇಲೆ ನಮ್ಮಿಬ್ಬರ ಪಾಲಿನದು.

ಮೈಸೂರಿನಲ್ಲಿ ನಾನು ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಓದಿ ಡಿಗ್ರಿ ತೆಗೆದುಕೊಂಡಿದ್ದೆ. ಅತ್ತೆಗೆ ಅದೊಂದು ದೊಡ್ಡ ಸಂಭ್ರಮ. ಬಂದ ಯಾತ್ರಿಕರಿಗೆಲ್ಲ, ಅವರು ಎಲೆಯ ಮುಂದೆ ಕೂತು ಮೊದಲ ತುತ್ತು ಬಾಯಿಗಿಡುವ ಹೊತ್ತಿಗೆ ಸರಿಯಾಗಿ, ನನ್ನನ್ನು ಪರಿಚಯ ಮಾಡಿಸುತ್ತಿದ್ದರು.

"ಇವಳು ನಮ್ಮ ಸೊಸೆ. ಸೈನ್ಸ್ ಓದಿದ್ದಾಳೆ. ಕಪ್ಪೆ, ಜಿರಳೆ ಎಲ್ಲಾ ಕುಯ್ದಿದ್ದಾಳೆ. ಪಲ್ಯ ಅವಳದೇ ಕೈಯಡುಗೆ, ಇನ್ನಷ್ಟು ಬಡಿಸ್ಲಾ?"

ಯಾತ್ರಿಕರು ಬೇಡ ಎನ್ನುತ್ತಿದ್ದರು. ಅತ್ತೆ ಒಳಗೆ ಬಂದು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. ನಾನು ಬಂದ ವಾರದಲ್ಲೇ ಈ ಹೆಂಗಸು ಸುಮ್ಮನೆ ಕೂರುವವರಲ್ಲ ಎಂದು ನನಗೆ ತಿಳಿದುಹೋಯಿತು.

ಮನೆಯ ಹಿಂದೆ ಒಂದು ಹಾಳುಮನೆ ಇತ್ತು. ಯಾರದೋ ಜಮೀನ್ದಾರರದಂತೆ. ಸೂರು ಬಿದ್ದು ಎಷ್ಟೋ ಕಾಲವಾಗಿ ನಾಲ್ಕು ಗೋಡೆ, ನಡುವೆ ಒಂದು ಅಂಗಳ ಮಾತ್ರ ಉಳಿದಿತ್ತು. ಎಲ್ಲರೂ ಅದನ್ನು ಖಂಡಹರ್ ಎನ್ನುತ್ತಿದ್ದರು. ಊಟವಾದ ಮೇಲೆ ಎಂಜಲೆಲೆಗಳನ್ನು ಮಡಚಿ ತಂದು ಹಿಂದಿನ ಗೋಡೆಯ ಮೇಲಿಂದ ಆ ಖಂಡಹರ್‌ಗೆ ಎಸೆಯುವುದು ನಮ್ಮ ಪದ್ಧತಿ. ನಮ್ಮದೇನು, ಸುತ್ತಲಿನ ಎಲ್ಲ ಮನೆಗಳದೂ ಅದೇ. ನಮ್ಮ ಕಡೆ ಇಸ್ತ್ರಿ ಎಲೆ ಎನ್ನುವ ಮುತ್ತುಗದ ಎಲೆಯನ್ನು ಅಲ್ಲಿ ಪತ್ತಲ್ ಎನ್ನುತ್ತಾರೆ. ಅದರ ಜೊತೆಗೆ ಮಿಕ್ಕ ಅನ್ನ, ಬಾಳೆಹಣ್ಣಿನ ಸಿಪ್ಪೆ, ಪೂಜೆಯ ಬಾಡಿದ ಹೂವು, ಪಿಂಡ ಕಟ್ಟಿ ಉಳಿದ ಅನ್ನ. ಗೋಡೆಯಾಚೆ ಹೋದದ್ದು ಕಣ್ಣಿಗೆ ಕಾಣುತ್ತಿರಲಿಲ್ಲವಾದ್ದರಿಂದ ಅದು ಇಲ್ಲವೇ ಇಲ್ಲವೆಂದು ಎಲ್ಲರೂ ಭಾವಿಸಿದ್ದರು.

ಕೋತಿಗಳು ಹಾಗೆ ಭಾವಿಸಿರಲಿಲ್ಲ. ಅವು ಬೆಳಗ್ಗೆ ಆ ರಾಶಿಯಲ್ಲಿ ಉಪಾಹಾರ ಮುಗಿಸಿ ಆಮೇಲೆ ನಮ್ಮ ತಾರಸಿಗೆ ಬರುತ್ತಿದ್ದವು. ಒಣಹಾಕಿದ ಸಂಡಿಗೆ, ಹಪ್ಪಳ, ಉಪ್ಪಿನಕಾಯಿಯ ನಿಂಬೆಹೋಳು, ಯಾವುದನ್ನೂ ಬಿಡುತ್ತಿರಲಿಲ್ಲ. ಆದರೆ ಆ ಹಳೆಯ ಗುಂಪಿಗೆ ಒಂದು ಮರ್ಯಾದೆ ಇತ್ತು. ಮಾವನವರ ಕನ್ನಡಕ ಎತ್ತಿಕೊಂಡು ಹೋದ ಕೋತಿ ಗೋಡೆಯ ಮೇಲೆ ಕೂತು ಕಾಯುತ್ತಿತ್ತು. ಬಾಳೆಹಣ್ಣು ತೋರಿಸಿದರೆ ಕನ್ನಡಕ ಕೆಳಗಿಡುತ್ತಿತ್ತು. ಈ ವ್ಯಾಪಾರ ಎರಡೂ ಕಡೆಯವರಿಗೆ ರೂಢಿಯಾಗಿಬಿಟ್ಟಿತ್ತು.

ಒಂದು ಚೈತ್ರದಲ್ಲಿ ಅತ್ತೆ ದೊಡ್ಡ ಹಳೇ ಪಂಚೆಯ ಮೇಲೆ ಅರಳು ಸಂಡಿಗೆ ಇಟ್ಟು ಕೆಳಗಿಳಿದು ಬಂದಿದ್ದರು. ಮತ್ತೆ ಹತ್ತಿ ನೋಡಿದರೆ ಪಂಚೆಯೂ ಇಲ್ಲ, ಸಂಡಿಗೆಯೂ ಇಲ್ಲ. ಪಂಚೆ ಗಲ್ಲಿಯಾಚೆಯ ಗೋಪುರದ ತುದಿಯಲ್ಲಿ ಬಾವುಟದಂತೆ ಹಾರುತ್ತಿತ್ತು. ಅದೇ ವಾರ ಎದುರುಮನೆಯ ಬಂಗಾಳಿ ಅಜ್ಜಿಯ ಜಪಮಾಲೆ ಹೋಯಿತು. ಗಲ್ಲಿಯ ಗಂಡಸರೆಲ್ಲ ಸೇರಿ ಕೋತಿ ಹಿಡಿಯುವವನನ್ನು ಕರೆಸುವುದೆಂದು ತೀರ್ಮಾನಿಸಿದರು.

ಆ ದಿನ ಊಟಕ್ಕೆ ಕೂತಾಗ ನಾನು ಹೇಳಿದೆ: "ಮಾವ, ಹಿಡಿಸಿ ಕಳಿಸಿದ್ರೂ ಪ್ರಯೋಜನ ಇಲ್ಲ. ಊಟ ಇಲ್ಲೇ ಇದೆಯಲ್ಲ. ಇವು ಹೋದ್ರೆ ಬೇರೆಯವು ಬರ್ತಾವೆ. ಒಂದು ಜಾಗದಲ್ಲಿ ಎಷ್ಟು ಊಟ ಇದೆಯೋ ಅಷ್ಟು ಪ್ರಾಣಿ ಇದ್ದೇ ಇರ್ತಾವೆ."

"ಇದು ಯಾವ ಶಾಸ್ತ್ರಾನಮ್ಮ?"

"ಪರಿಸರ ಶಾಸ್ತ್ರ ಅಂತಾರೆ. ನಮಗೆ ಒಂದು ಪಾಠ ಇತ್ತು."

"ಒಂದೇ ಪಾಠಾನಾ!" ಎಂದು ಮಾವನವರು ಮಜ್ಜಿಗೆ ಸುರಿದುಕೊಂಡರು. ನಾಲ್ಕು ವೇದದ ಮನೆಯಲ್ಲಿ ಒಂದು ಪಾಠಕ್ಕೆ ಎಷ್ಟು ಬೆಲೆಯೋ ಅಷ್ಟು ಸಿಕ್ಕಿತು.

ಕೋತಿ ಹಿಡಿಯುವವನು ಬೋನು, ಕಡಲೆ, ಬೆಲ್ಲ ತಂದು ಖಂಡಹರ್‌ನಲ್ಲಿ ಬೀಡುಬಿಟ್ಟ. ಒಂದೊಂದಾಗಿ ಇಡೀ ಗುಂಪು ಬೋನಿಗೆ ಬಿತ್ತು. ಅವುಗಳನ್ನು ಠೇಲಾ ಎನ್ನುವ ತಳ್ಳುಗಾಡಿಯ ಮೇಲಿಟ್ಟು ಸೇತುವೆ ದಾಟಿಸಿ ರಾಮನಗರದಾಚೆ ಬಿಡುವುದೆಂದು ಒಪ್ಪಂದ. ಹೊರಡುವ ಹೊತ್ತಿಗೆ ಮಾವನವರಿಗೆ ಕಳವಳ ಶುರುವಾಯಿತು. ಎಷ್ಟೆಂದರೂ ಹನುಮಂತನ ಕುಲದವು. ಹೇಳದೆ ಕೇಳದೆ ಹೊರದಬ್ಬುವುದು ಹೇಗೆ? ಪಂಚಪಾತ್ರೆ ಹಿಡಿದು ಬಂದು ಬೋನುಗಳ ಮುಂದೆ ನಿಂತು, ಪ್ರಯಾಣ ಸುಖಕರವಾಗಲಿ, ಅಪರಾಧ ಕ್ಷಮಿಸಿ ಎಂಬರ್ಥದ ಶ್ಲೋಕಗಳನ್ನು ಹೇಳಿ ಗಂಗಾಜಲ ಪ್ರೋಕ್ಷಿಸಿದರು. ಒಂದು ಮುದಿಕೋತಿ ಸರಳಿನ ಸಂದಿಯಿಂದ ಕೈ ಚಾಚಿ ಅವರ ಬೆರಳಿನ ದರ್ಭೆಯ ಪವಿತ್ರವನ್ನೇ ಎಳೆದುಕೊಂಡು ಅಗಿಯತೊಡಗಿತು. ನೆರೆದಿದ್ದ ಅಷ್ಟೂ ಜನ ಜೈಕಾರ ಹಾಕಿದರು. ಠೇಲಾ ಹೊರಟಿತು. ಬಂಗಾಳಿ ಅಜ್ಜಿ ಕಣ್ಣೊರೆಸಿಕೊಂಡರು.

ಆಮೇಲಿನ ಕೆಲವು ವಾರ ಗಲ್ಲಿಯ ತಾರಸಿಗಳೆಲ್ಲ ಹಬ್ಬದ ಹಾಗಿದ್ದವು. ಅತ್ತೆಯ ಸಂಡಿಗೆ ನಿಶ್ಚಿಂತೆಯಿಂದ ಒಣಗಿತು. ಆದರೆ ಗೋಡೆಯಾಚೆ ಬೇರೊಂದು ಸಂಸಾರ ಬೆಳೆಯುತ್ತಿತ್ತು. ಕೋತಿಗಳು ತಿನ್ನುತ್ತಿದ್ದ ಅನ್ನವೆಲ್ಲ ಈಗ ಹೆಗ್ಗಣಗಳ ಪಾಲಾಯಿತು. ಅವು ಮೈತುಂಬಿಕೊಂಡು ನಮ್ಮ ಅಡುಗೆಮನೆಯ ಮೋರಿಯಲ್ಲಿ ಬಂದು ಇಣುಕತೊಡಗಿದವು. ಮಳೆಗಾಲ ಶುರುವಾಗುವ ಮುಂಚೆ ಒಂದು ಬೆಳಗ್ಗೆ ನೋಡಿದರೆ ಖಂಡಹರ್‌ನ ಗೋಡೆಗಳ ಮೇಲೆ ಸಾಲಾಗಿ ಕೆಂಪು ಮುಖಗಳು ಕೂತಿವೆ. ಯಾವುದೋ ಬೇರೆ ಘಾಟಿನ ಗುಂಪು ಬಂದು ಖಾಲಿ ಜಾಗವನ್ನು ವಹಿಸಿಕೊಂಡಿತ್ತು.

ಈ ಹೊಸಬರಿಗೆ ವ್ಯಾಪಾರದ ಗಂಧವೇ ಇರಲಿಲ್ಲ. ಕನ್ನಡಕ ಎತ್ತಿಕೊಂಡು ಹೋದವು ಬಾಳೆಹಣ್ಣನ್ನೂ ಕಿತ್ತುಕೊಂಡು, ಕನ್ನಡಕದ ಗಾಜನ್ನು ಕಲ್ಲಿಗೆ ಕುಟ್ಟಿ ನೋಡಿದವು. ತುಪ್ಪದ ದೀಪದ ಬತ್ತಿ ತಿಂದವು. ಸಂಧ್ಯಾವಂದನೆಗೆ ಕೂತ ಮಾವನವರ ಹೆಗಲಿನ ಮೇಲೆ ಕೂತು ಅವರ ಶಿಖೆಯಲ್ಲಿ ಹೇನು ಹುಡುಕಿದವು. ಮಾವನವರು ಮಂತ್ರ ನಿಲ್ಲಿಸುವಂತಿಲ್ಲ, ಅಲುಗಾಡುವಂತಿಲ್ಲ. ಕಣ್ಣು ಮಾತ್ರ ಹೊರಳಿಸಿ ನಮ್ಮ ಕಡೆ ನೋಡಿದರು. ನಾನೂ ಅತ್ತೆಯೂ ಒಬ್ಬರ ಮುಖ ಒಬ್ಬರು ನೋಡದೆ ನಿಂತಿದ್ದೆವು. ನೋಡಿದ್ದರೆ ಅಲ್ಲೇ ಕುಸಿದು ನಕ್ಕುಬಿಡುತ್ತಿದ್ದೆವು.

ಆ ಮಧ್ಯಾಹ್ನ ಪಾತ್ರೆ ತೊಳೆಯುವಾಗ ಅತ್ತೆ ಕೇಳಿದರು: "ಅದೇನೋ ಪಾಠ ಅಂದ್ಯಲ್ಲ, ಪೂರ್ತಿ ಹೇಳೇ."

ನಾನು ಹೇಳಿದೆ. ಎಸೆದದ್ದು ಎಲ್ಲಿಗೂ ಹೋಗುವುದಿಲ್ಲ, ರೂಪ ಬದಲಿಸುತ್ತದೆ ಅಷ್ಟೇ. ನಮ್ಮ ಎಂಜಲೇ ಕೋತಿಯಾಗಿ, ಹೆಗ್ಗಣವಾಗಿ, ನೊಣವಾಗಿ ಗೋಡೆ ಹತ್ತಿ ವಾಪಸು ಬರುತ್ತಿದೆ. ಅದನ್ನೇ ಬೂದಿ, ಮಣ್ಣು, ಒಣಗಿದೆಲೆಯ ಅಡಿಯಲ್ಲಿ ಮುಚ್ಚಿದರೆ ಕಣ್ಣಿಗೆ ಕಾಣದ ಜೀವಿಗಳು ತಿಂದು ಮಣ್ಣು ಮಾಡುತ್ತವೆ. ಮಿಕ್ಕ ಅನ್ನ, ಸಿಪ್ಪೆಯನ್ನು ಗೋಡೆಯಾಚೆ ಹಾಕದೆ ಗಲ್ಲಿಗೆ ಹಾಲು ಹಾಕುವ ಗ್ವಾಲನ ಎಮ್ಮೆಗೆ ಕೊಟ್ಟರೆ ಕೋತಿಗೂ ಇಲ್ಲಿ ಕೆಲಸವಿರುವುದಿಲ್ಲ. ಆದರೆ ನಮ್ಮೊಂದು ಮನೆ ಮಾಡಿದರೆ ಸಾಲದು, ಖಂಡಹರ್‌ನ ಸುತ್ತಲಿನ ಎಲ್ಲ ಮನೆಗಳೂ ಮಾಡಬೇಕು.

ಅತ್ತೆ ಹಂಡೆಯ ತಳವನ್ನು ಉಜ್ಜುತ್ತಾ ಕೇಳಿಸಿಕೊಂಡರು. "ಎಲ್ಲರೂ ಮಾಡ್ಬೇಕು ಅಂದ್ರೆ ನೀನು ಹೇಳಿದ್ರೆ ಆಗೋಲ್ಲ. ನಾನು ಹೇಳಿದ್ರೂ ಆಗೋಲ್ಲ. ಎಂಜಲು ಮುಟ್ಟಿ ಮಣ್ಣು ಮುಚ್ಚಿ ಅಂದ್ರೆ ಮೂತಿ ತಿರುಗಿಸ್ಕೊಂಡು ಹೋಗ್ತಾರೆ. ಅದಕ್ಕೆ ಒಂದು ಫಲ ಇರ್ಬೇಕು."

"ಗೊಬ್ಬರ ಸಿಗತ್ತಲ್ಲ, ಅತ್ತೆ."

"ಅಯ್ಯೋ ಮಂಕೇ, ಆ ಫಲ ಅಲ್ಲ. ಸೌಭಾಗ್ಯ ಫಲ."

ಕಾರ್ತಿಕ ಮಾಸ ಬಂತು. ಬೆಳಗಿನ ಜಾವದ ಗಂಗಾಸ್ನಾನಕ್ಕೆ ಗಲ್ಲಿಯ ಹೆಂಗಸರೆಲ್ಲ ಸೇರುವ ಕಾಲ. ಮೆಟ್ಟಿಲ ಮೇಲೆ ಸೀರೆ ಹಿಂಡುತ್ತಾ ಅತ್ತೆ, ಬೇರೆ ಯಾರಿಗೂ ಹೇಳಿದಂತಲ್ಲದೆ, ನನ್ನ ಕಡೆ ತಿರುಗಿ ದೊಡ್ಡ ದನಿಯಲ್ಲಿ ಹಿಂದಿಯಲ್ಲಿ ಹೇಳಿದರು. ನಮ್ಮ ನಮ್ಮಲ್ಲಿ ಹಿಂದಿ ಎಂದೂ ಆಡಿದವರಲ್ಲ.

"ಬಹೂ, ಇವತ್ತಿನಿಂದ ಬೂದಿಗೌರಿ ಶುರು. ಮರೆತೀಯಾ ಮತ್ತೆ. ನಮ್ಮ ತವರಿನಲ್ಲಿ ಇದನ್ನ ಬಿಟ್ಟವರೇ ಇಲ್ಲ. ಅದಕ್ಕೇ ನಮ್ಮ ಅಜ್ಜಿ ಎಪ್ಪತ್ತು ದಾಟಿದ್ರೂ ಸುಮಂಗಲಿಯಾಗೇ ಹೋದ್ಲು."

ಹಿಂದಿ ಬಲ್ಲ ಹೆಂಗಸರೆಲ್ಲ ಸುತ್ತುವರಿದರು. ಏನು ವ್ರತ, ಹೇಗೆ ಮಾಡುವುದು, ಖರ್ಚೆಷ್ಟು? ಖರ್ಚಿಲ್ಲ ಎಂದರು ಅತ್ತೆ. ಒಂದು ಹಿಡಿ ಒಲೆಯ ಬೂದಿ, ಒಂದು ಹಿಡಿ ಮಣ್ಣು, ಒಂದು ತಂಬಿಗೆ ನೀರು. ಊಟದೆಲೆಯ ಮೇಲೆ ಅನ್ನ ಉಳಿಸಬಾರದು. ಉಳಿದರೆ ಮಹಿಷನ ಪಾಲು, ಎಮ್ಮೆಗೇ ಹೋಗಬೇಕು. ಎಲೆಯನ್ನು ಖಂಡಹರ್‌ನ ಅಂಗಳದಲ್ಲಿ ಒಂದೇ ಗುಂಡಿಯಲ್ಲಿ ಹಾಕಿ ಬೂದಿ, ಮಣ್ಣು ಮುಚ್ಚಿ ನೀರು ಚಿಮುಕಿಸಬೇಕು. ಮಂಗಳವಾರ, ಶುಕ್ರವಾರ ಕೋಲಿನಿಂದ ಕೆದಕಿ "ತಾಯಿ, ಮಗ್ಗುಲು ಬದಲಾಯಿಸು" ಎಂದು ಹೇಳಬೇಕು. ಮಾಡಿದವರು ಆಮೇಲೆ ಮಿಂದರಾಯಿತು.

ಅದನ್ನೆಲ್ಲ ಅವರು ಒಂದೇ ಉಸಿರಿನಲ್ಲಿ ಹೇಳಿದ ರೀತಿ ನೋಡಿ ನನಗೇ ಭಕ್ತಿ ಬಂತು. ಕೆದಕುವ ಸಂಗತಿಯನ್ನು ನಾನು ಹೇಳಿದ್ದು ಒಂದೇ ಸಲ, ಗಾಳಿ ಆಡಬೇಕು ಎಂದು. ಅದು ಇಲ್ಲಿ ದೇವಿ ಮಗ್ಗುಲು ಬದಲಾಯಿಸುವುದಾಗಿ ಬಂದಿತ್ತು. ಹೆಂಗಸರು ಆ ದೇವಿಯನ್ನು ರಾಖ್ ಮಾಈ, ಅಂದರೆ ಬೂದಿತಾಯಿ, ಎಂದು ಕರೆದರು. ಖಂಡಹರ್‌ನ ಮೂಲೆಯಲ್ಲಿ ಗ್ವಾಲನೇ ಗುಂಡಿ ತೋಡಿಕೊಟ್ಟ. ಎಮ್ಮೆಗೆ ದಿನವೂ ಬಕೆಟ್ಟು ತುಂಬ ಮೇವು ಬರುವುದಾದರೆ ಅವನಿಗೆ ಯಾವ ಮಾಈ ಆದರೂ ಸರಿ.

ಕೆಲವೇ ದಿನಗಳಲ್ಲಿ ವ್ಯತ್ಯಾಸ ಗೊತ್ತಾಯಿತು. ನೊಣ ಕಡಿಮೆಯಾಯಿತು. ಹೆಗ್ಗಣಗಳು ಬೇರೆ ಬಿಡಾರ ಹುಡುಕಿಕೊಂಡವು. ಕೋತಿಗಳು ಬೆಳಗ್ಗೆ ಬಂದು ಗುಂಡಿಯ ಬೂದಿ ಕೆದಕಿ, ಸೀನಿ, ನಮ್ಮ ಕಡೆ ಬೈಯುವಂತೆ ನೋಡಿ, ಅಸ್ಸಿ ಘಾಟಿನ ಕಡೆಗೆ ಹೊರಟುಹೋಗುತ್ತಿದ್ದವು. ಮರಿ ಕಟ್ಟಿಕೊಂಡ ಹೆಣ್ಣುಗಳು ಮೊದಲು ಬರುವುದನ್ನು ಬಿಟ್ಟವು. ಒಂದೆರಡು ಸೋಮಾರಿ ಗಂಡುಗಳು ಮಾತ್ರ ಹಳೆಯ ನೆನಪಿಗೆ ಗೋಡೆಯ ಮೇಲೆ ಕೂತಿರುತ್ತಿದ್ದವು.

ಮಾವನವರಿಗೆ ಮಾತ್ರ ನಿದ್ದೆ ಹೋಯಿತು. ತಾವು ಕೇಳದ ವ್ರತ ತಮ್ಮ ಮನೆಯಿಂದಲೇ ಹೊರಟಿದೆ! ಪೆಟ್ಟಿಗೆಯಿಂದ ವ್ರತದ ಪುಸ್ತಕಗಳನ್ನೆಲ್ಲ ತೆಗೆದು ಹರಡಿಕೊಂಡು ಕೂತರು.

"ಇವಳೇ, ಇದು ಯಾವ ಪುರಾಣದ್ದು?"

"ಪುರಾಣದ್ದಲ್ಲ. ಹೆಂಗಸರ ಆಚಾರ. ನೀವು ಬರೆದಿಟ್ಕೊಂಡಿರೋದ್ರಲ್ಲಿ ಇರೋಲ್ಲ."

"ಮದುವೆಯಾಗಿ ಇಷ್ಟು ವರ್ಷ ಆಯ್ತು. ಒಂದ್ಸಲಾನೂ ಮಾಡ್ಲಿಲ್ವಲ್ಲ?"

"ನಿಮ್ಮ ಆರೋಗ್ಯ ಚೆನ್ನಾಗೇ ಇತ್ತು," ಎಂದರು ಅತ್ತೆ. "ಈಗ ವಯಸ್ಸಾಯ್ತಲ್ಲ, ಅದಕ್ಕೆ ಶುರು ಮಾಡಿದೆ."

ಮಾವನವರು ಪುಸ್ತಕಗಳನ್ನು ಮತ್ತೆ ಪೆಟ್ಟಿಗೆಗೆ ತುಂಬಿದರು. ತಮ್ಮ ಆಯಸ್ಸಿಗಾಗಿ ಹೆಂಡತಿ ಮಾಡುವ ವ್ರತವನ್ನು ಯಾವ ಗಂಡ ತಾನೇ ನಿಲ್ಲಿಸುತ್ತಾನೆ? ಆದರೆ ನನ್ನ ಕಡೆ ಒಂದು ಸಲ ದೀರ್ಘವಾಗಿ ನೋಡಿದರು. ನಾನು ತೊಗರಿಬೇಳೆಯಲ್ಲಿ ಕಲ್ಲು ಆರಿಸುವುದರಲ್ಲಿ ಮುಳುಗಿಬಿಟ್ಟೆ.

ನಿಜವಾದ ಪೀಕಲಾಟ ಪುಷ್ಯದ ಚಳಿಯಲ್ಲಿ ಬಂತು. ಕಾಶಿಯ ಚಳಿ ಮೈಸೂರಿನವರಿಗೆ ಹೇಳಿದರೆ ಅರ್ಥವಾಗುವುದಿಲ್ಲ. ನದಿಯ ಮೇಲಿನ ಮಂಜು ಗಲ್ಲಿಗೆ ನುಗ್ಗಿ, ಎದುರುಮನೆಯ ಬಾಗಿಲೇ ಕಾಣದಂತಾಗುತ್ತದೆ. ಅಂಥ ಒಂದು ಬೆಳಗ್ಗೆ, ಶುಕ್ರವಾರ, ಬಂಗಾಳಿ ಅಜ್ಜಿ ಕೋಲು ಹಿಡಿದು ಗುಂಡಿ ಕೆದಕಿದ್ದಾರೆ. ಬೂದಿ ಸರಿದಲ್ಲಿಂದ ಬಿಳಿ ಹಬೆ ಬುಸ್ಸೆಂದು ಎದ್ದಿದೆ. ಅಜ್ಜಿ "ಮಾ ಗೋ!" ಎಂದು ಕೂಗಿದ ಕೂಗಿಗೆ ನಾವೆಲ್ಲ ಓಡಿದೆವು. ಗ್ವಾಲ ಅಷ್ಟರಲ್ಲಿ ಮೊಣಕಾಲೂರಿ ಕೈಮುಗಿದಿದ್ದ.

"ಮಾಈ ಸಾಂಸ್ ಲೇತ್ ಹಈಂ!" ಎಂದ. ತಾಯಿ ಉಸಿರಾಡುತ್ತಿದ್ದಾಳಂತೆ.

ನಾನು ಬಗ್ಗಿ ಗುಂಡಿಯೊಳಗೆ ಕೈಯಿಟ್ಟೆ. ಸ್ನಾನದ ನೀರಿನಷ್ಟು ಬೆಚ್ಚಗಿತ್ತು. ನನಗಾದ ಸಂತೋಷಕ್ಕೆ ಎಣೆಯಿಲ್ಲ. ಪುಸ್ತಕದಲ್ಲಿ ಓದಿದ್ದು ಅಂಗೈಗೆ ತಾಗುತ್ತಿತ್ತು. "ಅತ್ತೆ, ಇದು ಸೂಕ್ಷ್ಮಜೀವಿಗಳು ಎಲೆ ತಿಂದು ಅರಗಿಸೋವಾಗ ಹುಟ್ಟೋ ಕಾವು! ಸರಿಯಾಗೇ ಕೊಳೀತಿದೆ!"

"ಸುಮ್ನಿರೇ," ಎಂದು ಅತ್ತೆ ಕನ್ನಡದಲ್ಲಿ ಪಿಸುಗುಟ್ಟಿದರು. "ನಿನ್ನ ಜೀವಿಗಳಿಗಿಂತ ಗೌರಿ ಚೆನ್ನಾಗಿ ಕೆಲಸ ಮಾಡ್ತಿದ್ದಾಳೆ." ಆಮೇಲೆ ಎಲ್ಲರಿಗೂ ಕೇಳುವಂತೆ ಎರಡೂ ಕೈ ಎತ್ತಿ ನಮಸ್ಕಾರ ಮಾಡಿದರು.

ಅವರು ಎಡವಿದ್ದು ಅಲ್ಲೇ. ಮಧ್ಯಾಹ್ನದ ಹೊತ್ತಿಗೆ ಗುಂಡಿಯ ಸುತ್ತ ಚೆಂಡುಹೂವಿನ ಮಾಲೆ ಬಿದ್ದಿತ್ತು. ಮಾರನೆಯ ದಿನ ಬಾಳೆಹಣ್ಣು, ಪೇಡ, ಬತಾಸು ಬಂದವು. ಮತ್ತೆರಡು ದಿನಕ್ಕೆ ಪಕ್ಕದ ಗಲ್ಲಿಗಳಿಂದ ಹೆಂಗಸರು ಹಾಲಿನ ತಂಬಿಗೆ ಹಿಡಿದು ಬರತೊಡಗಿದರು. ಗುಂಡಿ ಹಾಲು ಕುಡಿದು ಹುಳಿಯಾಗಿ ನಾರತೊಡಗಿತು. ಪೇಡದ ವಾಸನೆ ಅಸ್ಸಿಯವರೆಗೂ ಹೋಯಿತೋ ಏನೋ, ಒಂದು ಬೆಳಗ್ಗೆ ಇಡೀ ಕೋತಿ ಪಡೆ, ಮರಿಗಳ ಸಮೇತ, ವಾಪಸು ಹಾಜರಾಯಿತು. ಹೆಂಗಸರು ಅದನ್ನೂ ಪವಾಡವೆಂದೇ ತಿಳಿದರು. ಹನುಮಂತನೇ ತಾಯಿಯ ದರ್ಶನಕ್ಕೆ ಬಂದಿದ್ದಾನೆ ಎಂದು ಇನ್ನಷ್ಟು ಬಾಳೆಹಣ್ಣು ತಂದರು.

ಆ ದಿನ ನಮ್ಮ ಅಡುಗೆಮನೆಯಿಂದ ಒಂದು ಕೋತಿ ಕೊಬ್ಬರಿಯ ಡಬ್ಬವನ್ನೇ ಹೊತ್ತೊಯ್ದಿತು. ನಾನು ಅತ್ತೆಯ ಮುಂದೆ ಕೈಕಟ್ಟಿ ನಿಂತೆ.

"ಈಗೇನು ಮಾಡೋದು? ಮೊದಲಿಗಿಂತ ಜಾಸ್ತಿ ಊಟ ಹಾಕ್ತಿದ್ದೀವಿ."

ಅತ್ತೆ ಮುಖ ಊದಿಸಿಕೊಂಡು ಕೂತರು. ಅವರು ಸೋತದ್ದನ್ನು ನಾನು ನೋಡಿದ್ದು ಅದೊಂದೇ ಸಲ, ಅದೂ ಕಾಫಿ ಕುಡಿದು ಮುಗಿಸುವಷ್ಟು ಹೊತ್ತು. ಲೋಟ ಕೆಳಗಿಟ್ಟವರೇ ಸೆರಗು ಸಿಕ್ಕಿಸಿಕೊಂಡು ಖಂಡಹರ್‌ಗೆ ನಡೆದರು. ನಾನು ಹಿಂದೆಯೇ ಓಡಿದೆ. ಅಲ್ಲಿ ಒಬ್ಬಾಕೆ ಪೇಡದ ದೊನ್ನೆ ಹಿಡಿದು ನಿಂತಿದ್ದಳು. ಅತ್ತೆ ಹೌಹಾರಿದವರಂತೆ ಅವಳ ಕೈ ಹಿಡಿದರು.

"ಅರೇ ಬಹನ್, ಇದೇನು ಮಾಡ್ತಿದ್ದೀಯಾ! ತಾಯಿ ಉಪವಾಸ ಇದ್ದಾಳೆ!"

ಸುತ್ತಲಿದ್ದವರು ಹತ್ತಿರ ಸರಿದರು.

"ಗೌರಿ ಶಿವನಿಗಾಗಿ ತಪಸ್ಸಿಗೆ ಕೂತಾಗ ಅನ್ನ ಬಿಟ್ಟಳು, ಹಣ್ಣು ಬಿಟ್ಟಳು, ಕೊನೆಗೆ ಒಣಗಿದೆಲೆ ಮಾತ್ರ ತಿಂದಳು. ಗೊತ್ತಿಲ್ವಾ? ಈಗ ಅದೇ ಹೊತ್ತು. ತಪಸ್ಸಿನ ಶಾಖಕ್ಕೇ ಹಬೆ ಬರ್ತಿರೋದು. ಉಪವಾಸದವಳ ಮುಂದೆ ಪೇಡ ಹಿಡಿಯೋದಾ? ಒಣಗಿದೆಲೆ ತನ್ನಿ, ಬೂದಿ ತನ್ನಿ. ಪೇಡ ಮನೆಯಲ್ಲಿ ಮಕ್ಕಳಿಗೆ ಕೊಡಿ."

ಪಾರ್ವತಿಯ ತಪಸ್ಸಿನ ಕಥೆ ಯಾರಿಗೆ ತಾನೇ ಗೊತ್ತಿಲ್ಲ? ಆಕೆ ಕೆನ್ನೆ ಬಡಿದುಕೊಂಡು ದೊನ್ನೆಯನ್ನು ಸೆರಗಿನಡಿ ಮುಚ್ಚಿಕೊಂಡಳು. ಸಂಜೆಯೊಳಗೆ ಸುದ್ದಿ ಎಲ್ಲ ಗಲ್ಲಿಗಳಿಗೂ ಮುಟ್ಟಿತು. ಬಾಳೆಹಣ್ಣು, ಹಾಲು ನಿಂತುಹೋದವು. ಬದಲಿಗೆ ಒಣಗಿದೆಲೆ ಚೀಲಗಟ್ಟಲೆ ಬಂದಿತು. ಹಾಲಿಗೆ ಹುಳಿಯಾಗಿದ್ದ ಗುಂಡಿಗೆ ಬೇಕಾಗಿದ್ದುದೇ ಅದು. ಒಣಗಿದ್ದು ಬಿದ್ದಮೇಲೆ ವಾಸನೆ ಹೋಯಿತು, ಹಬೆ ಸರಿಯಾಯಿತು. ಕೋತಿಗಳು ಕೆಲವು ದಿನ ಕಾದು, ಈ ಉಪವಾಸದ ದೇವಿಯಿಂದ ತಮಗೇನೂ ಗಿಟ್ಟುವುದಿಲ್ಲವೆಂದು ತಿಳಿದು ಮತ್ತೆ ಚದುರಿದವು.

ಈ ಪಾರ್ವತಿಯ ಕಥೆ ಮಾವನವರ ಕಿವಿಗೂ ಬಿತ್ತು. ಊಟಕ್ಕೆ ಕೂತಾಗ ಒಂದು ಮಾತು ಮಾತ್ರ ಅಂದರು: "ಆ ಒಂದು ಪಾಠ ಇದೆಯಲ್ಲಮ್ಮ, ಅದನ್ನ ಬರೆದವರು ಭಾರಿ ಘನಪಾಠಿಗಳೇ ಇರ್ಬೇಕು." ನನ್ನ ಕೈಯ ಸೌಟು ಅಲ್ಲೇ ನಿಂತಿತು. ಅವರು ತಲೆ ಎತ್ತಲಿಲ್ಲ, ಹುಳಿ ಕಲಸಿಕೊಳ್ಳುತ್ತಲೇ ಇದ್ದರು.

ಚಳಿ ಕಳೆದು ಹೋಳಿ ಮುಗಿದಮೇಲೆ ಗುಂಡಿಯನ್ನು ಬಗೆದು ನೋಡಿದೆವು. ಎಂಜಲೂ ಇರಲಿಲ್ಲ, ಎಲೆಯೂ ಇರಲಿಲ್ಲ. ಮಳೆ ಬಿದ್ದ ನೆಲದ ವಾಸನೆಯ ಕರಿಮಣ್ಣು. ಅದರ ನಡುವೆ ಯಾವಳೋ ಯಾತ್ರಿಕಳ ಕೆಂಪು ಪ್ಲಾಸ್ಟಿಕ್ ಬಾಚಣಿಗೆ ಒಂದು ಮಾತ್ರ ಹಾಗೇ ಹೊಳೆಯುತ್ತಿತ್ತು. ಅತ್ತೆ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಇದನ್ನ ಗೌರಿನೂ ಮುಟ್ಟಿಲ್ಲ ನೋಡೇ. ಇದು ಯಾವ ಜಾತಿದೋ!" ಎಂದರು. ಇಂಥದ್ದು ಮುಂದೆ ಎಷ್ಟು ಬರಲಿದೆ ಎಂದು ಆಗ ನಮಗಿಬ್ಬರಿಗೂ ಅಂದಾಜಿರಲಿಲ್ಲ. ಗೋಡೆಯ ಬಿರುಕಿಗೆ ಸಿಕ್ಕಿಸಿ ಮರೆತೆವು.

ಮಣ್ಣನ್ನು ಹೆಂಗಸರೆಲ್ಲ ಹಳೆಯ ಡಬ್ಬಗಳಲ್ಲಿ ಪ್ರಸಾದವೆಂದು ಒಯ್ದು ತುಳಸಿಗೆ ಹಾಕಿದರು. ಗುಂಡಿಯ ಅಂಚಿನಲ್ಲಿ ಉಳಿದದ್ದರಲ್ಲಿ ತಾನಾಗಿಯೇ ಒಂದು ಕುಂಬಳದ ಬಳ್ಳಿ ಎದ್ದಿತು. ಯಾವುದೋ ಊಟದ ಬೀಜ. ನೋಡನೋಡುತ್ತ ಅದು ಖಂಡಹರ್‌ನ ಗೋಡೆ ಏರಿ, ಬಂಗಾಳಿ ಅಜ್ಜಿಯ ಕಿಟಕಿ ಮುಟ್ಟಿ, ಬೇಸಿಗೆಯ ಹೊತ್ತಿಗೆ ದೊಡ್ಡದೊಂದು ಕಾಯಿ ಬಿಟ್ಟಿತು. ಅಂಥ ಕುಂಬಳಕಾಯಿಯನ್ನು ನಾನು ಮೈಸೂರಿನ ಸಂತೆಯಲ್ಲೂ ಕಂಡಿರಲಿಲ್ಲ. ಅದು ಹಣ್ಣಾಗುತ್ತಿದ್ದ ಹಾಗೆ ಗಲ್ಲಿಯಲ್ಲಿ ತಕರಾರು ಶುರುವಾಯಿತು. ಒಬ್ಬರೆಂದರು, ತಾಯಿಯ ಪ್ರಸಾದ, ಹಂಚಬೇಕು. ಇನ್ನೊಬ್ಬರೆಂದರು, ಥೂ, ಊರವರೆಲ್ಲರ ಎಂಜಲಿನಲ್ಲಿ ಹುಟ್ಟಿದ್ದು, ಮುಟ್ಟಬಾರದು. ಪೇಡ ತಂದಿದ್ದವರೇ ಮೂಗು ಮುಚ್ಚಿಕೊಂಡರು. ಕೊನೆಗೆ ಎಲ್ಲರೂ ಸೇರಿ ಮಾವನವರ ಹತ್ತಿರ ಬಂದರು. ಶಾಸ್ತ್ರ ಏನು ಹೇಳುತ್ತದೆ, ಪಂಡಿತ್‌ಜೀ?

ಅತ್ತೆ ನನ್ನ ಕೈ ಹಿಡಿದು ಒಳಗೆಳೆದುಕೊಂಡರು. ಶಾಸ್ತ್ರ ಬಿಚ್ಚಿದರೆ ವ್ರತದ ಗುಟ್ಟೂ ಬಿಚ್ಚುತ್ತದೆ. ನಾವಿಬ್ಬರೂ ಬಾಗಿಲ ಸಂದಿಯಲ್ಲಿ ನಿಂತು ಕೇಳಿದೆವು. ಮಾವನವರು ಎಲೆ ಅಡಿಕೆ ಮೆಲ್ಲುವುದನ್ನು ನಿಧಾನವಾಗಿ ಮುಗಿಸಿ ಹಿಂದಿಯಲ್ಲಿ ಕೇಳಿದರು:

"ನೀವು ಬೆಳಗ್ಗೆ ತಿಂದ ಅನ್ನ ಯಾವ ಗದ್ದೇದು?"

"ಗಂಗೆಯಾಚೆದು, ಪಂಡಿತ್‌ಜೀ."

"ಆ ಗದ್ದೆಗೆ ಗೊಬ್ಬರ ಅಂತ ಏನು ಹಾಕಿದ್ರು, ಅಕ್ಕಿ ಕೊಟ್ಟವನನ್ನ ಕೇಳಿದ್ರಾ?"

ಒಬ್ಬಾಕೆ ಇಲ್ಲವೆಂದು ತಲೆಯಾಡಿಸಿದಳು.

"ಕೇಳ್ಬೇಡಿ, ಕೇಳಿದ್ರೆ ಊಟ ಸೇರೋಲ್ಲ. ಭೂಮಿಗೆ ಸೇರಿದ್ದು ಶುದ್ಧವಾಗೇ ಹೊರಗೆ ಬರೋದು. ಇಲ್ಲದಿದ್ರೆ ಪ್ರಪಂಚದಲ್ಲಿ ತಿನ್ನೋಕೆ ಯೋಗ್ಯವಾದ ಒಂದು ಕಾಳೂ ಇರ್ತಿರಲಿಲ್ಲ. ಕಾಯಿ ತನ್ನಿ."

ನಮ್ಮಲ್ಲಿ ಹೆಂಗಸರು ಇಡೀ ಕುಂಬಳಕಾಯಿಗೆ ಮೊದಲ ಏಟು ಹಾಕುವುದಿಲ್ಲ, ಗಂಡಸೇ ಹಾಕಬೇಕು. ಮಾವನವರೇ ಕತ್ತಿ ಕೇಳಿ ತೆಗೆದುಕೊಂಡು ಅಂಗಳದಲ್ಲಿ ಅದನ್ನು ಎರಡು ಹೋಳು ಮಾಡಿದರು. ಒಳಗೆ ಕಡುಕೇಸರಿ. ಅತ್ತೆ ಹುಳಿ ಮಾಡಿದರು. ಮೊದಲು ಬಡಿಸಿಕೊಂಡದ್ದು ಮಾವನವರು. ಎರಡನೆಯ ಸಲ ಕೇಳಿ ಹಾಕಿಸಿಕೊಂಡು, ಅತ್ತೆಯ ಕಡೆ ನೋಡದೆ ಹೇಳಿದರು: "ಬೂದಿಗೌರಿಗೆ ಒಂದು ಧ್ಯಾನಶ್ಲೋಕ ಇಲ್ಲ. ಒಂದು ಮಾಡಿಕೊಡ್ಲಾ?"

"ಮಾಡಿ," ಎಂದರು ಅತ್ತೆ ಗಂಭೀರವಾಗಿ. "ಚಿಕ್ಕದಾಗಿರ್ಲಿ. ಹೆಂಗಸರಿಗೆ ಬೇರೆ ಕೆಲಸಾನೂ ಇರತ್ತೆ."

ವರ್ಷಗಳು ಕಳೆದವು. ಕಾರ್ತಿಕ ಬಂದಾಗಲೆಲ್ಲ ಗುಂಡಿ ತುಂಬುವುದು, ಬೇಸಿಗೆಯಲ್ಲಿ ಖಾಲಿಯಾಗುವುದು ನಡೆದೇ ಇತ್ತು. ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದಾಗ ಒಂದು ಸಲ ತುಮಕೂರಿನ ಕಡೆಯ ಯಾತ್ರಿಕರ ತಂಡ ನಮ್ಮಲ್ಲಿ ಇಳಿದುಕೊಂಡಿತ್ತು. ಅದರಲ್ಲೊಬ್ಬ ಹಿರಿಯ ಹೆಂಗಸು, ದೊಡ್ಡ ಕುಂಕುಮದಾಕೆ, ಊಟವಾದ ಮೇಲೆ ಅತ್ತೆಯನ್ನು ಕೇಳಿದರು: "ನೀವು ಕಾಶಿಯೋರು. ಬೂದಿಗೌರಿ ವ್ರತ ಮಾಡ್ತೀರೋ ಇಲ್ವೋ?"

"ಅದೇನಮ್ಮ ಅದು?" ಎಂದರು ಅತ್ತೆ, ಕಣ್ಣು ಮಿಟುಕಿಸದೆ.

"ಅಯ್ಯೋ, ಗೊತ್ತಿಲ್ವಾ! ನಮ್ಮ ಬೀದೀಲಿ ಎಲ್ಲಾ ಮಾಡ್ತೀವಿ. ಬಾಳ ಹಳೇದು. ಹಿಂದೆ ಕಾಶಿಯಲ್ಲಿ ಒಬ್ಬ ರಾಜ ಇದ್ನಂತೆ. ಅವನ ಅರಮನೇಲಿ ದಿನಾ ಸಾವಿರ ಎಲೆ ಊಟ. ಎಲೆ ಎಸೆದೂ ಎಸೆದೂ ಅರಮನೆನೇ ಮುಚ್ಚಿಹೋಯ್ತಂತೆ. ಆಗ ರಾಜನ ರಾಣಿ..."

ಅತ್ತೆ ಸೆರಗು ಹೊದ್ದು, ಅಕ್ಷತೆ ಹಿಡಿದು, ಅವರ ಎದುರು ಚಕ್ಕಳಮಕ್ಕಳ ಹಾಕಿ ಕೂತರು. ನನಗೂ ಕೂರಲು ಸನ್ನೆ ಮಾಡಿದರು. ರಾಣಿಗೆ ಕನಸಿನಲ್ಲಿ ಗೌರಿ ಬಂದಳು, ಶಾಪ ಕೊಟ್ಟಳು, ವಿಮೋಚನೆ ಹೇಳಿದಳು. ಕಥೆ ಬೆಳೆಯುತ್ತಲೇ ಹೋಯಿತು. ಪಡಸಾಲೆಯ ಆ ಕಡೆ ಮಾವನವರು ಪಂಚಾಂಗದಲ್ಲಿ ಮುಖ ಹುದುಗಿಸಿಕೊಂಡಿದ್ದರು. ಪಂಚಾಂಗ ಅಲುಗುತ್ತಿತ್ತು.

"ಆಮೇಲೆ?" ಎಂದು ಅತ್ತೆ ಕೇಳಿದರು. "ಆಮೇಲೆ ಏನಾಯ್ತಮ್ಮ, ನಿಧಾನವಾಗಿ ಹೇಳಿ."

ನಗು ಇನ್ನು ತಡೆಯುವುದಿಲ್ಲವೆನಿಸಿ ನಾನು ಕಾಫಿಗೆ ನೀರಿಡುವ ನೆಪದಲ್ಲಿ ಎದ್ದು ಒಳಗೆ ಹೋದೆ.